ಹಾಲೂಡುವ ಎದೆಯಲ್ಲೊಂದು ಗಂಟು



ಈ ಉಪನ್ಯಾಸದ ದತ್ತಿಯ ಆಶಯ ತಾಯಂದಿರ ಆರೋಗ್ಯ ಎಂದು ಆಹ್ವಾನ ಪತ್ರದಲ್ಲಿ ಓದಿದೆ. ಅಷ್ಟು ದೊಡ್ಡ ವಿಷಯ ಒಂದು ಸಂಜೆಗೆ ಹಿಡಿಯುವುದಿಲ್ಲ. ಅದಕ್ಕೇ ಒಂದೇ ಒಂದು ವಾಕ್ಯವನ್ನು ಹಿಡಿದುಕೊಂಡು ಬಂದಿದ್ದೇನೆ. “ಈಗ ಹಾಲು ಕುಡಿಸ್ತಿದ್ದೀಯಲ್ಲ, ಬಿಡಿಸಿದ ಮೇಲೆ ತೋರಿಸಿದರಾಯ್ತು.” ಎದೆಯಲ್ಲಿ ಏನೋ ಗಂಟು ಕೈಗೆ ಸಿಕ್ಕಿತು ಎಂದ ಬಾಣಂತಿಗೆ ತವರಿನಲ್ಲಿ, ಅತ್ತೆಮನೆಯಲ್ಲಿ, ಕೆಲವೊಮ್ಮೆ ಹೊರರೋಗಿ ವಿಭಾಗದ ಮೇಜಿನ ಆಚೆಯಿಂದಲೂ ಸಿಗುವ ಉತ್ತರ ಇದು. ಅಲ್ಟ್ರಾಸೌಂಡ್ ಪರದೆಯ ಮುಂದೆ ವೃತ್ತಿಜೀವನ ಕಳೆದ ನನಗೆ ಈ ಮಾತಿನಷ್ಟು ತೊಂದರೆ ಕೊಟ್ಟ ಮಾತು ಇನ್ನೊಂದಿಲ್ಲ.

ಹೇಳುವವರ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ. ಹಾಲು ಕಟ್ಟಿಕೊಂಡಿರಬೇಕು ಎಂಬ ಅವರ ಊಹೆ ಬಹುಪಾಲು ಸಲ ನಿಜವೂ ಆಗುತ್ತದೆ. ತೊಡಕಿರುವುದು ಅಲ್ಲೇ. ಸಾಮಾನ್ಯವಾಗಿ ನಿಜವಾಗುವ ಊಹೆಯನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ಇನ್ನು ‘ಬಿಡಿಸಿದ ಮೇಲೆ’ ಎಂದರೆ ಯಾವಾಗ? ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವೂ ಅದನ್ನೇ ಆಗಸ್ಟ್ ಮೊದಲ ವಾರ ಬ್ಯಾನರ್ ಕಟ್ಟಿ ಹೇಳುತ್ತೇವೆ. ಮೊದಲ ಮಗುವಿನ ಹಾಲು ಬಿಡಿಸುವ ಹೊತ್ತಿಗೆ ಎರಡನೆಯ ಬಸಿರು ನಿಂತರೆ, ಆ ಹೆಣ್ಣುಮಗಳ ‘ಆಮೇಲೆ’ ಐದು ವರ್ಷಕ್ಕೆ ಹೋಗಿ ನಿಲ್ಲುತ್ತದೆ. ಐದು ವರ್ಷ ಕಾಯುವ ಕಾಯಿಲೆಯಲ್ಲ ಇದು.

ಎದೆಯ ಒಳಗೆ ಏನು ನಡೆಯುತ್ತದೆ ಎನ್ನುವುದನ್ನು ಮೊದಲು ನೋಡೋಣ. ಹೆಂಗಸಿನ ಎದೆ ಪೂರ್ತಿಯಾಗಿ ಬಲಿಯುವುದು ಹರೆಯದಲ್ಲಲ್ಲ, ಬಸಿರಿನಲ್ಲಿ. ಗರ್ಭ ನಿಂತ ಕೆಲವೇ ವಾರಗಳಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟೆರಾನ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನುಗಳ ಒತ್ತಾಸೆಯಿಂದ ಹಾಲಿನ ಗ್ರಂಥಿಗಳು ಹೆಚ್ಚುತ್ತ, ಕೊಬ್ಬು ತುಂಬಿದ್ದ ಜಾಗಕ್ಕೆ ಹಬ್ಬುತ್ತವೆ. ರಕ್ತದ ಹರಿವು ಏರುತ್ತದೆ. ಹೆರಿಗೆಯಾಗಿ ಮಾಸು ಬಿದ್ದಮೇಲೆ ಪ್ರೊಜೆಸ್ಟೆರಾನ್ ಇಳಿದು ಹಾಲು ಇಳಿಯುತ್ತದೆ. ಮಗು ಚೀಪಿದಾಗ ಆಕ್ಸಿಟೋಸಿನ್ ಗ್ರಂಥಿಗಳ ಸುತ್ತಲಿನ ಸಣ್ಣ ಸ್ನಾಯುಕೋಶಗಳನ್ನು ಹಿಂಡಿ ಹಾಲನ್ನು ನಾಳಕ್ಕೆ ತಳ್ಳುತ್ತದೆ. ಇಷ್ಟೆಲ್ಲ ಕೆಲಸ ನಡೆಯುವ ಅಂಗ ಮೆತ್ತಗೆ, ಸಮನಾಗಿ ಇರಲು ಸಾಧ್ಯವಿಲ್ಲ. ಬೆಳಿಗ್ಗೆ ಗಟ್ಟಿ, ಕುಡಿಸಿದ ಮೇಲೆ ಹಗುರ; ಒಂದು ದಿನ ಕಂಕುಳ ಬಳಿ ಉಬ್ಬು, ಮರುದಿನ ಇಲ್ಲ. ಬರುವುದು, ಹೋಗುವುದು, ಜಾಗ ಬದಲಿಸುವುದು ಹಾಲಿನ ಗಂಟಿನ ಸ್ವಭಾವ.

ಹೋಗದೆ ಉಳಿಯುವ ಗಂಟುಗಳಲ್ಲೂ ಹೆಚ್ಚಿನವು ನಿರಪಾಯಕಾರಿ. ಹಾಲು ಒಂದು ಕಡೆ ನಿಂತು ಚೀಲವಾಗುವ ಗ್ಯಾಲಕ್ಟೋಸೀಲ್ ಇದೆ. ಸೂಜಿ ಚುಚ್ಚಿದರೆ ಹಾಲೇ ಬರುತ್ತದೆ. ಹಾಲೂಡುವ ಕಾಲದಲ್ಲೇ ಕಾಣಿಸಿಕೊಂಡು ಆಮೇಲೆ ಕರಗುವ ಅಡಿನೋಮಾ ಇದೆ. ಮದುವೆಗೆ ಮೊದಲೇ ಇದ್ದ ಫೈಬ್ರೊ ಅಡಿನೋಮಾ ಬಸಿರಿನ ಹಾರ್ಮೋನಿಗೆ ಹಿಗ್ಗಿ ದೊಡ್ಡದಾಗುವುದೂ ಉಂಟು. ಚೊಚ್ಚಲ ಬಾಣಂತಿಗೆ ಮೊದಲ ದಿನಗಳಲ್ಲಿ ಎರಡೂ ಎದೆಯಿಂದ ತುಕ್ಕಿನ ಬಣ್ಣದ ಹಾಲು ಬಂದು ಮನೆಯವರೆಲ್ಲ ಗಾಬರಿಯಾಗುತ್ತಾರೆ. ಹೊಸ ರಕ್ತನಾಳಗಳು ಬಿರಿದು ಹಾಗಾಗಿರುತ್ತದೆ. ನೋವಿಲ್ಲದಿದ್ದರೆ, ಕೆಲವು ದಿನಗಳಲ್ಲಿ ತಿಳಿಯಾದರೆ ಚಿಂತಿಸುವಂಥದ್ದಲ್ಲ, ಮಗುವೂ ಕುಡಿಯಬಹುದು. ಆದರೆ ಒಂದೇ ಎದೆಯಿಂದ, ಒಂದೇ ರಂಧ್ರದಿಂದ ರಕ್ತ ಬರುತ್ತಲೇ ಇದ್ದರೆ ಅದು ಬೇರೆ ಮಾತು.

ಬಾವಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಹಸು ಸಾಕಿದ ಮನೆಗಳಿಗೆಲ್ಲ ಕೆಚ್ಚಲು ಬಾವು ಗೊತ್ತು. ಹಸುವಿನ ಒಂದು ಮೊಲೆ ಬಿಸಿಯಾಗಿ ಹಾಲು ಒಡೆದರೆ ಅವತ್ತೇ ಪಶುವೈದ್ಯರಿಗೆ ಫೋನು ಹೋಗುತ್ತದೆ. ಅದೇ ಮನೆಯ ಸೊಸೆಗೆ ಎದೆ ಕೆಂಪಾಗಿ ಚಳಿಜ್ವರ ಬಂದರೆ ಬಿಸಿನೀರಿನ ಕಾವು, ಹರಳೆಣ್ಣೆ, ಹಿಂಡಿ ತೆಗೆಯಲು ಗಟ್ಟಿಕೈಯ ಹೆಂಗಸೊಬ್ಬರು. ಬೈಯುತ್ತಿಲ್ಲ. ನಾವು ವೈದ್ಯರೂ ತೀರ ಇತ್ತೀಚಿನವರೆಗೆ ಇದನ್ನೇ ಬೇರೆ ಭಾಷೆಯಲ್ಲಿ ಹೇಳುತ್ತಿದ್ದೆವು: ಪೂರ್ತಿ ಖಾಲಿ ಮಾಡಿ, ಪಂಪ್ ಹಾಕಿ, ತಿಕ್ಕಿ, ಶಾಖ ಕೊಡಿ. 2022ರಲ್ಲಿ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಎಂಬ ಅಂತರರಾಷ್ಟ್ರೀಯ ವೈದ್ಯ ಸಂಘಟನೆ ಈ ಸಲಹೆಯನ್ನು ಹೆಚ್ಚುಕಡಿಮೆ ತಲೆಕೆಳಗು ಮಾಡಿತು. ಬಾವಿನ ಮೊದಲ ಹಂತ ಸೋಂಕಲ್ಲ, ಉರಿಯೂತ. ಊದಿದ ಊತಕ ನಾಳವನ್ನು ಹೊರಗಿನಿಂದ ಅಮುಕಿರುತ್ತದೆ. ಅಲ್ಲಿ ಗಟ್ಟಿಯಾಗಿ ಒತ್ತಿದರೆ ಊತ ಹೆಚ್ಚುತ್ತದೆ. ಹೆಚ್ಚು ಹಿಂಡಿದರೆ ಹಾಲು ಇನ್ನೂ ಹೆಚ್ಚಾಗಿ ತಯಾರಾಗುತ್ತದೆ. ಮಗು ಕೇಳಿದಷ್ಟು ಕುಡಿಸಿ, ತಣ್ಣನೆಯ ಪಟ್ಟಿ ಇಡಿ, ಐಬುಪ್ರೊಫೆನ್‌ನಂಥ ಮಾತ್ರೆ ಕೊಡಿ, ಬ್ಯಾಕ್ಟೀರಿಯಾ ಸೋಂಕಿನ ಲಕ್ಷಣ ಇದ್ದರೆ ಮಾತ್ರ ಆ್ಯಂಟಿಬಯೊಟಿಕ್ ಎನ್ನುವುದು ಈಗಿನ ಸಲಹೆ.

ನಡುವೆ ಒಂದು ಮಾತು. ಬಾಣಂತನದ ಮದ್ದೆಲ್ಲ ಮೂಢನಂಬಿಕೆ ಎಂದು ನಗುವವರಿಗಾಗಿ ಇದು. ಮಗು ತೀರಿಕೊಂಡ ಬಾಣಂತಿಯ ಹಾಲು ಇಂಗಿಸಲು ದಕ್ಷಿಣ ಭಾರತದಲ್ಲಿ ಎದೆಗೆ ಮಲ್ಲಿಗೆ ಹೂ ಕಟ್ಟುವ ರೂಢಿಯಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಅದನ್ನು ಹಾಲು ನಿಲ್ಲಿಸುವ ಬ್ರೊಮೊಕ್ರಿಪ್ಟಿನ್ ಮಾತ್ರೆಯ ಜೊತೆ ಹೋಲಿಸಿ ನೋಡಿ 1988ರಲ್ಲಿ ಪ್ರಕಟಿಸಿದರು. ಪ್ರೊಲ್ಯಾಕ್ಟಿನ್ ಮಟ್ಟ ಎರಡರಲ್ಲೂ ಇಳಿಯಿತು, ಮಾತ್ರೆಯಲ್ಲಿ ಹೆಚ್ಚು ಇಳಿಯಿತು. ಆದರೆ ಹಾಲು ಕಡಿಮೆಯಾಗುವುದರಲ್ಲಿ ಹೂವು ಹಿಂದೆ ಬೀಳಲಿಲ್ಲ. ಅಜ್ಜಿಯಂದಿರ ಕೈಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಗಂಟಿನ ಒಳಗೆ ಏನಿದೆ ಎಂದು ಯಾರ ಕೈಯೂ ಹೇಳಲಾರದು, ನನ್ನದೂ ಕೂಡ. ನನ್ನ ತಕರಾರು ಅಷ್ಟಕ್ಕೇ.

ಬಾವು ಕೀವಾದರೆ? ಮೊದಲೆಲ್ಲ ಕುಯ್ದು ತೆರೆದಿಡುತ್ತಿದ್ದರು. ಗಾಯ ಮಾಯಲು ವಾರಗಟ್ಟಲೆ ಬೇಕಾಗುತ್ತಿತ್ತು, ಹಾಲು ನಿಲ್ಲಿಸಿಯೇಬಿಡುತ್ತಿದ್ದರು. ಈಗ ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು ಸೂಜಿಯಿಂದಲೇ ಕೀವು ತೆಗೆಯುವುದು ಮೊದಲ ಆಯ್ಕೆ, ಕುಡಿಸುವುದೂ ಮುಂದುವರಿಯುತ್ತದೆ. ನಮ್ಮ ದೇಶದಲ್ಲಿ ಇನ್ನೆರಡು ಸಾಧ್ಯತೆಗಳನ್ನು ನೆನಪಿಟ್ಟುಕೊಳ್ಳಬೇಕು: ಎದೆಯ ಕ್ಷಯ ಮತ್ತು ಗ್ರಾನ್ಯುಲೊಮಾಟಸ್ ಮ್ಯಾಸ್ಟೈಟಿಸ್ ಎಂಬ ಉರಿಯೂತ. ಎರಡನೆಯದು ಹೆರಿಗೆಯಾದ ಕೆಲವು ವರ್ಷಗಳೊಳಗಿನ ಹೆಂಗಸರಲ್ಲೇ ಹೆಚ್ಚು. ಎರಡೂ ಕ್ಯಾನ್ಸರಿನಂತೆ ಕಾಣುತ್ತವೆ, ಎರಡೂ ಕ್ಯಾನ್ಸರಲ್ಲ. ತುಣುಕು ತೆಗೆದು ನೋಡದೆ ಗೊತ್ತಾಗುವುದಿಲ್ಲ.

ಇನ್ನು ಉಳಿಯುವುದು, ಎಲ್ಲರೂ ಹೆಸರೆತ್ತಲು ಹಿಂಜರಿಯುವ ಕ್ಯಾನ್ಸರ್. ಬಸಿರಿನಲ್ಲಿ ಅಥವಾ ಹೆರಿಗೆಯಾದ ಒಂದು ವರ್ಷದೊಳಗೆ ಪತ್ತೆಯಾಗುವುದನ್ನು ಬಸಿರಿಗೆ ಸಂಬಂಧಿಸಿದ ಸ್ತನ ಕ್ಯಾನ್ಸರ್ ಎನ್ನುತ್ತಾರೆ. ಸುಮಾರು 3,000 ಬಸಿರಿಗೆ ಒಂದು ಎಂಬ ಅಂದಾಜು ವೈದ್ಯಕೀಯ ಪುಸ್ತಕಗಳಲ್ಲಿದೆ. ಅಂದರೆ ಅಪರೂಪ. ಹೆದರಿಸಲು ನಾನು ಬಂದಿಲ್ಲ. ಆದರೆ ಈ ಅಪರೂಪದ ಹೆಂಗಸರಲ್ಲಿ ಕಾಯಿಲೆ ತಡವಾಗಿ ತಿಳಿಯುತ್ತದೆ ಎನ್ನುವುದು ದೇಶದೇಶಗಳಲ್ಲಿ ಕಂಡ ಸಂಗತಿ. ಉರಿಯೂತದ ಸ್ತನ ಕ್ಯಾನ್ಸರ್ ಎಂಬ ಬಗೆಯೊಂದಿದೆ: ಬಹಳ ಸಲ ಗಂಟೇ ಸಿಗುವುದಿಲ್ಲ, ಎದೆ ಕೆಂಪಾಗಿ, ಬಿಸಿಯಾಗಿ, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ದಪ್ಪವಾಗುತ್ತದೆ. ನೋಡಲು ಥೇಟ್ ಬಾವೇ. ಒಂದು ಸುತ್ತು ಆ್ಯಂಟಿಬಯೊಟಿಕ್, ಇನ್ನೊಂದು ಸುತ್ತು, ಮತ್ತೊಂದು ಸುತ್ತು ಎಂದು ತಿಂಗಳುಗಳು ಕಳೆಯುತ್ತವೆ.

ನಾನು ಹೇಳುವ ಲೆಕ್ಕ ಸರಳ. ಗಂಟಾಗಲಿ, ಕೆಂಪಾಗಲಿ, ಎರಡು ವಾರದೊಳಗೆ ಹೋಗದಿದ್ದರೆ ಅಲ್ಟ್ರಾಸೌಂಡ್ ಮಾಡಿಸಬೇಕು. ಕುಡಿಸಿದ ಮೇಲೂ ಒಂದೇ ಜಾಗದಲ್ಲಿ ಗಟ್ಟಿಯಾಗಿ ಉಳಿಯುವುದು, ಚರ್ಮ ಒಳಸೆಳೆದುಕೊಳ್ಳುವುದು, ನೆಟ್ಟಗಿದ್ದ ತೊಟ್ಟು ಹೊಸದಾಗಿ ಒಳಗೆ ಹೋಗುವುದು, ತೊಟ್ಟಿನ ಮೇಲೆ ಮಾಯದ ಹುಣ್ಣು, ಕಂಕುಳಲ್ಲಿ ಗಟ್ಟಿ ಗಡ್ಡೆ, ಇವಿದ್ದರೆ ಎರಡು ವಾರವೂ ಬೇಡ. ಮಗು ಒಂದು ಎದೆಯನ್ನು ಒಲ್ಲೆ ಎಂದರೆ ಕ್ಯಾನ್ಸರ್ ಎಂಬ ಮಾತು ಹಳೆಯ ವೈದ್ಯಕೀಯ ಬರಹಗಳಲ್ಲಿದೆ. ಮಕ್ಕಳು ನೂರೆಂಟು ಕಾರಣಕ್ಕೆ ಒಲ್ಲೆ ಅನ್ನುತ್ತವೆ. ಅಷ್ಟಕ್ಕೇ ಹೆದರಬೇಡಿ, ಆದರೆ ಚೆನ್ನಾಗಿ ಕುಡಿಯುತ್ತಿದ್ದ ಮಗು ಏಕಾಏಕಿ ಒಂದೇ ಕಡೆ ಬಿಟ್ಟು, ಅಲ್ಲೇ ಗಂಟೂ ಇದ್ದರೆ ತೋರಿಸಿ.

ಪರೀಕ್ಷೆಯ ಬಗ್ಗೆ ಇರುವ ಭಯಗಳನ್ನು ಒಂದೊಂದಾಗಿ ಬಿಡಿಸುತ್ತೇನೆ, ಇದು ನನ್ನ ಸ್ವಂತ ಹೊಲ. ಮೊದಲ ಪರೀಕ್ಷೆ ಅಲ್ಟ್ರಾಸೌಂಡ್. ಶಬ್ದದ ಅಲೆಗಳಷ್ಟೇ, ವಿಕಿರಣವಿಲ್ಲ. ಹಾಲಿನ ಚೀಲ, ಕೀವು, ಗಟ್ಟಿ ಗಡ್ಡೆ ಇವುಗಳನ್ನು ಬೇರ್ಪಡಿಸಲು ಹಾಲೂಡುವ ಎದೆಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. (ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನಮ್ಮ ಯಂತ್ರಗಳೆಲ್ಲ ನೋಂದಣಿಯಾದ ಜಾಗದಲ್ಲೇ ಇರಬೇಕು. ಆ ಕಾಯ್ದೆ ಬೇಕೇ ಬೇಕು. ಆದರೆ ಎದೆ ನೋಡುವ ಸಣ್ಣ ಯಂತ್ರವೊಂದನ್ನು ಹಳ್ಳಿಯ ಶಿಬಿರಕ್ಕೆ ಒಯ್ಯುವುದು ಎಷ್ಟು ಕಾಗದಪತ್ರದ ಕೆಲಸ ಎನ್ನುವುದು ನಮಗೆ ಗೊತ್ತು.)

ಎರಡನೆಯದು ಮ್ಯಾಮೊಗ್ರಾಮ್. ಹಾಲು ಕೆಟ್ಟುಹೋಗುತ್ತದೆ ಎಂಬ ಭಯ ಇದರ ಸುತ್ತ ದಟ್ಟವಾಗಿದೆ. ಎಕ್ಸ್‌ರೇ ಎದೆಯನ್ನು ಹಾದುಹೋಗುತ್ತದೆ, ಹಾಲಿನಲ್ಲಿ ಉಳಿಯುವುದಿಲ್ಲ. ಪರೀಕ್ಷೆ ಮುಗಿದ ಕ್ಷಣವೇ ಕುಡಿಸಬಹುದು. ನಿಜವಾದ ಅಡಚಣೆ ಬೇರೆ. ಹಾಲು ತುಂಬಿದ ಗ್ರಂಥಿ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ, ಗಡ್ಡೆಯೂ ಬೆಳ್ಳಗೆ ಕಾಣುತ್ತದೆ. ಮಂಜು ಕವಿದ ಘಟ್ಟದಲ್ಲಿ ಬಿಳಿ ಹಸುವನ್ನು ಹುಡುಕಿದ ಹಾಗೆ. ಅದಕ್ಕೆ ಪರಿಹಾರ ಪರೀಕ್ಷೆಯನ್ನು ಬಿಡುವುದಲ್ಲ, ಪರೀಕ್ಷೆಗೆ ಮುಂಚಿನ ಅರ್ಧ ಗಂಟೆಯೊಳಗೆ ಮಗುವಿಗೆ ಕುಡಿಸಿ ಬರುವುದು, ಇಲ್ಲವೆ ಹಿಂಡಿ ತೆಗೆದು ಬರುವುದು. ಚಿತ್ರ ತಿಳಿಯಾಗುತ್ತದೆ, ಒತ್ತುವಾಗ ನೋವೂ ಕಡಿಮೆ. ಸುಣ್ಣದ ಸಣ್ಣ ಕಣಗಳು ಎಷ್ಟು ದಟ್ಟ ಎದೆಯಲ್ಲೂ ಕಾಣುತ್ತವೆ; ಅಲ್ಟ್ರಾಸೌಂಡ್‌ನ ಕಣ್ಣಿಗೆ ತಪ್ಪಿಹೋಗಬಲ್ಲ, ಕ್ಯಾನ್ಸರಿನ ಸುಳಿವು ಅದು.

ಮೂರನೆಯದು ಎಂಆರ್‌ಐ. ಅದಕ್ಕೆ ಚುಚ್ಚುವ ಗ್ಯಾಡೊಲಿನಿಯಂ ಔಷಧಿಯಲ್ಲಿ 24 ಗಂಟೆಯೊಳಗೆ ಹಾಲಿಗೆ ಬರುವುದು ಶೇ 0.04ಕ್ಕಿಂತ ಕಡಿಮೆ, ಅದರಲ್ಲೂ ಮಗುವಿನ ಕರುಳು ಹೀರುವುದು ಶೇ 1ಕ್ಕಿಂತ ಕಡಿಮೆ. ಹಾಲು ಹಿಂಡಿ ಚೆಲ್ಲುವ ಅಗತ್ಯವಿಲ್ಲ ಎಂದು ಅಮೆರಿಕದ ವಿಕಿರಣಶಾಸ್ತ್ರಜ್ಞರ ಕಾಲೇಜು ಹೇಳುತ್ತದೆ. ಒಂದು ದಿನ ಕುಡಿಸಬೇಡಿ ಎಂದು ಫಾರಂನಲ್ಲಿ ಮುದ್ರಿಸಿಕೊಂಡಿರುವ ಕೇಂದ್ರಗಳು ಇನ್ನೂ ಇವೆ. ನಮ್ಮವರ ಕೈ ಹಳೆಯ ಫಾರಂಗೆ ಒಗ್ಗಿಹೋಗಿದೆ. ವಿಕಿರಣಶೀಲ ವಸ್ತು ಬಳಸುವ ಪೆಟ್‌ನಂಥ ಸ್ಕ್ಯಾನ್‌ಗಳ ಮಾತು ಬೇರೆ. ಅಲ್ಲಿ ಕೆಲವು ಗಂಟೆ ಮಗುವನ್ನು ದೂರ ಇಡಲು ಹೇಳುತ್ತಾರೆ, ಅದನ್ನು ಪಾಲಿಸಬೇಕು.

ಸೂಜಿಯಿಂದ ತುಣುಕು ತೆಗೆಯುವ ಬಯಾಪ್ಸಿಗೂ ಹಾಲು ನಿಲ್ಲಿಸಬೇಕಿಲ್ಲ. ಚುಚ್ಚಿದ ಕಡೆಯಿಂದ ಕೆಲಕಾಲ ಹಾಲು ಸೋರುವ ಸಾಧ್ಯತೆ ಇದೆ, ಅಪರೂಪ. ಒಂದೆರಡು ದಿನ ಹಾಲಿಗೆ ರಕ್ತದ ಬಣ್ಣ ತಾಗಬಹುದು, ಮಗುವಿಗೆ ತೊಂದರೆಯಿಲ್ಲ. ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿಗೆ ಹೆದರಿ ಮನೆಯಲ್ಲಿ ಕೂತವರಿಗೆ, ಅವರು ಕೂತಿದ್ದ ಕಾಲದಲ್ಲೇ ಅದು ಹರಡಿತು ಎಂದು ಹೇಗೆ ಹೇಳುವುದು? ಬಯಾಪ್ಸಿಗೆ ಕಳಿಸುವ ವೈದ್ಯರಿಗೆ ಮಾತ್ರ ಒಂದು ಕೋರಿಕೆ: ಚೀಟಿಯ ಮೇಲೆ ‘ಹಾಲೂಡುತ್ತಿದ್ದಾರೆ’ ಎಂದು ಬರೆಯಿರಿ. ಹಾಲಿನ ಕಾಲದ ಸಹಜ ಕೋಶಗಳೇ ಸೂಕ್ಷ್ಮದರ್ಶಕದಡಿ ಅಸಹಜವಾಗಿ ಕಾಣುತ್ತವೆ. ಗೊತ್ತಿಲ್ಲದ ರೋಗಶಾಸ್ತ್ರಜ್ಞರು ಮೋಸಹೋಗಬಹುದು.

ಇಷ್ಟೂ ಹೊತ್ತು ಗಂಟು ಸಿಕ್ಕಿದವರ ಮಾತಾಯಿತು. ಏನೂ ಇಲ್ಲದವರನ್ನು ಕರೆದು ನೋಡುವುದು ತಪಾಸಣೆ. ಅದರ ನಿಯಮ ಬೇರೆ. ಪ್ರತಿ ತಿಂಗಳೂ ನಿಮ್ಮ ಎದೆಯನ್ನು ನೀವೇ ಮುಟ್ಟಿ ಪರೀಕ್ಷಿಸಿಕೊಳ್ಳಿ ಎಂಬ ಪೋಸ್ಟರ್‌ಗಳನ್ನು ನೋಡಿದ್ದೀರಿ. ಶಾಂಘೈನ ಬಟ್ಟೆ ಗಿರಣಿಗಳ 2,66,064 ಹೆಂಗಸರಲ್ಲಿ ಅದನ್ನು ಪರೀಕ್ಷಿಸಲಾಯಿತು. 2002ರಲ್ಲಿ ಬಂದ ಫಲಿತಾಂಶ ಖಚಿತವಾಗಿತ್ತು: ಕಲಿಸಿದವರಲ್ಲೂ ಕಲಿಸದವರಲ್ಲೂ ಸಾವು ಒಂದೇ ಪ್ರಮಾಣದಲ್ಲಿತ್ತು, ಅನಗತ್ಯ ಬಯಾಪ್ಸಿ ಮಾತ್ರ ಹೆಚ್ಚಾಯಿತು. ಹಾಲೂಡುವ ಎದೆಯಲ್ಲಿ ತಿಂಗಳಿಗೊಮ್ಮೆ ವಿಧಿವತ್ತಾಗಿ ಹುಡುಕಿದರೆ ಆತಂಕವೇ ಸಿಗುತ್ತದೆ. ತನ್ನ ಎದೆಯ ಸಾಮಾನ್ಯ ಸ್ಥಿತಿ ತನಗೆ ಗೊತ್ತಿರುವುದು, ಬದಲಾದರೆ ಹೇಳುವುದು, ಅಷ್ಟು ಸಾಕು.

ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಶುರುಮಾಡಿದ ಪ್ರಯೋಗ ನಮಗೆ ಹತ್ತಿರದ್ದು. ಕೊಳೆಗೇರಿಗಳ 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಹೆಂಗಸರು. ಅರ್ಧದಷ್ಟು ಜನರ ಎದೆಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. 2021ರಲ್ಲಿ ಬಂದ ವರದಿಯಂತೆ ಕಾಯಿಲೆ ಮುಂಚಿನ ಹಂತದಲ್ಲಿ ಸಿಕ್ಕಿತು; 50 ದಾಟಿದವರಲ್ಲಿ ಸಾವು ಶೇ 30ರ ಹತ್ತಿರ ಇಳಿಯಿತು. 50ರೊಳಗಿನವರಲ್ಲಿ ಸಾವು ಇಳಿಯಲಿಲ್ಲ. ಹಾಲೂಡುವವರೆಲ್ಲ ಈ ಎರಡನೆಯ ಗುಂಪಿನವರು. ಅವರನ್ನು ಕಾಪಾಡುವುದು ಸಾಮೂಹಿಕ ತಪಾಸಣೆಗಿಂತ ಹೆಚ್ಚಾಗಿ, ಹೇಳಿಕೊಂಡಾಗ ಕೂಡಲೇ ಆಗುವ ಪರೀಕ್ಷೆ.

ನಮ್ಮ ಸರ್ಕಾರದ ನಿಯಮದಂತೆ 30ರಿಂದ 65ರವರೆಗಿನ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ ಆಗಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳಿದಾಗ, 30ರಿಂದ 49 ವಯಸ್ಸಿನವರಲ್ಲಿ ಬದುಕಿನಲ್ಲಿ ಒಮ್ಮೆಯಾದರೂ ಪರೀಕ್ಷೆ ಆದವರು ದೇಶದಲ್ಲಿ ಶೇ 0.9. ನೂರಕ್ಕೆ ಒಬ್ಬರೂ ಇಲ್ಲ. 40 ದಾಟಿದ ಮೇಲೆ ತಾಯಿಯಾದವರು ಈಗ ಬೆಂಗಳೂರಿನಲ್ಲಿ ವಿರಳವಲ್ಲ. ಅಮೆರಿಕದಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ 40ರಿಂದ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಎಂಬ ಸಲಹೆ ಇದೆ. ಕುಡಿಸುತ್ತಿದ್ದೇನೆ ಎಂದು ಅದನ್ನು ಮುಂದೂಡಬೇಕಿಲ್ಲ. ಅಮ್ಮನಿಗೆ, ಅಕ್ಕನಿಗೆ ಎಳೆಯ ವಯಸ್ಸಿನಲ್ಲೇ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದವರು, ಬಿಆರ್‌ಸಿಎ ಜೀನಿನ ದೋಷ ಇರುವವರು ಇನ್ನೂ ಮೊದಲೇ ವೈದ್ಯರ ಜೊತೆ ಕೂತು ಮಾತಾಡಬೇಕು.

‘ಹಾಲು ಕುಡಿಸಿದವರಿಗೆ ಬರುವುದಿಲ್ಲವಂತೆ’ ಎನ್ನುವ ಇನ್ನೊಂದು ಮಾತಿದೆ. ಇದರ ಬೇರು ಹಳೆಯದು. ಇಟಲಿಯ ಪಾಡುವಾದಲ್ಲಿದ್ದ ವೈದ್ಯ ಬರ್ನಾರ್ಡಿನೊ ರಮಾಜಿನಿ 18ನೇ ಶತಮಾನದ ಆರಂಭದಲ್ಲೇ ಹೆರದ, ಹಾಲೂಡದ ಕ್ರೈಸ್ತ ಸನ್ಯಾಸಿನಿಯರಲ್ಲಿ ಈ ಕಾಯಿಲೆ ಹೆಚ್ಚು ಎಂದು ಗಮನಿಸಿದ್ದ. 1926ರಲ್ಲಿ ಇಂಗ್ಲೆಂಡಿನ ಜಾನೆಟ್ ಲೇನ್-ಕ್ಲೇಪನ್ 500 ರೋಗಿಗಳನ್ನೂ 500 ರೋಗವಿಲ್ಲದವರನ್ನೂ ಎದುರುಬದುರು ಇಟ್ಟು ನೋಡಿದರು. ಹೆತ್ತದ್ದು ಕಡಿಮೆ, ಕುಡಿಸಿದ್ದು ಕಡಿಮೆ ಇದ್ದವರಲ್ಲಿ ಕಾಯಿಲೆ ಹೆಚ್ಚಿತ್ತು. ನನಗೆ ಅತ್ಯಂತ ಇಷ್ಟವಾದ ಸಾಕ್ಷ್ಯ ಹಾಂಗ್‌ಕಾಂಗಿನದು. ಅಲ್ಲಿನ ದೋಣಿವಾಸಿ ಮೀನುಗಾರ ಹೆಂಗಸರು ಉಡುಪು ಬಲಕ್ಕೆ ತೆರೆಯುವುದರಿಂದ ಬಲ ಎದೆಯಿಂದ ಮಾತ್ರ ಕುಡಿಸುವ ರೂಢಿಯವರು. ಮುಟ್ಟು ನಿಂತ ವಯಸ್ಸಿನಲ್ಲಿ ಅವರಿಗೆ ಕ್ಯಾನ್ಸರ್ ಬಂದಾಗ ಅದು ಎಡಕ್ಕೇ ಹೆಚ್ಚು ಬರುತ್ತಿತ್ತು ಎಂದು 1977ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದೇ ದೇಹ, ಒಂದೇ ಊಟ, ಒಂದೇ ವಂಶ. ಬೇರೆಯಾದದ್ದು ಕುಡಿಸಿದ ಬದಿ ಮಾತ್ರ.

2002ರಲ್ಲಿ 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಲಾಯಿತು. ಕುಡಿಸಿದ ಪ್ರತಿ 12 ತಿಂಗಳಿಗೆ ಅಪಾಯ ಶೇ 4.3ರಷ್ಟು ಇಳಿಯುತ್ತದೆ; ಪ್ರತಿ ಹೆರಿಗೆಗೆ ಬೇರೆಯಾಗಿ ಶೇ 7. ಸಣ್ಣ ರಕ್ಷಣೆ, ನಿಜವಾದ ರಕ್ಷಣೆ. ಆದರೆ ಅದು ಸಿಗುವುದು ಬದುಕಿನ ಉದ್ದಕ್ಕೆ, ಮುಂದೆ. ಹೆರಿಗೆಯ ಬೆನ್ನಿಗೆ ಆಗುವುದು ಇದರ ಉಲ್ಟಾ. 15 ಅಧ್ಯಯನಗಳನ್ನು ಸೇರಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಹೆತ್ತವರ ಅಪಾಯ ಹೆರದವರಿಗಿಂತ ಏರಿ, ಹೆರಿಗೆಯಾದ ಸುಮಾರು ಐದು ವರ್ಷಕ್ಕೆ ತುದಿ ಮುಟ್ಟಿ, ಆಮೇಲೆ ನಿಧಾನವಾಗಿ ಇಳಿಯುವುದು ಕಂಡಿತು. ಅದು ರಕ್ಷಣೆಯಾಗಿ ತಿರುಗಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಹಾಲು ಕುಡಿಸಿದ್ದರಿಂದ ಈ ತಾತ್ಕಾಲಿಕ ಏರಿಕೆ ತಪ್ಪಲಿಲ್ಲ. ಆ ವಯಸ್ಸಿನಲ್ಲಿ ಕಾಯಿಲೆಯೇ ಕಡಿಮೆಯಾದ್ದರಿಂದ ಏರಿದರೂ ಸಂಖ್ಯೆ ಚಿಕ್ಕದೇ. ಆದರೂ ಲೆಕ್ಕದ ಎರಡೂ ಬದಿಯನ್ನು ತೋರಿಸಬೇಕು. ಹಾಲು ಇಳಿಯದೆ, ಕೆಲಸಕ್ಕೆ ಮರಳಬೇಕಾಗಿ ಬಂದು ಕುಡಿಸಲಾಗದ ಹೆಣ್ಣುಮಗಳಿಗೆ ಈ ಶೇ 4.3ನ್ನು ತೋರಿಸಿ ಹಂಗಿಸುವುದಂತೂ ಶುದ್ಧ ಕ್ರೌರ್ಯ.

ಕ್ಯಾನ್ಸರೇ ಎಂದಾದರೆ ಮಗುವಿನ ಹಾಲಿನ ಗತಿ? ಕೀಮೊಥೆರಪಿ, ಟಮಾಕ್ಸಿಫೆನ್ ನಡೆಯುವಾಗ ಕುಡಿಸುವಂತಿಲ್ಲ, ಅದು ಖಚಿತ. ಪರೀಕ್ಷೆಯ ದಿನಗಳಲ್ಲಿ ಕುಡಿಸಬಹುದು, ಅದೂ ಖಚಿತ. ಚಿಕಿತ್ಸೆ ಮುಗಿಸಿ, ವೈದ್ಯರು ಒಪ್ಪಿದ ಮೇಲೆ ಮತ್ತೆ ತಾಯಿಯಾದವರು ಇನ್ನೊಂದು ಎದೆಯಿಂದ ಕುಡಿಸಿ ಬೆಳೆಸಿದ ಮಕ್ಕಳಿದ್ದಾರೆ. ಒಂದು ಎದೆಯಿಂದಲೇ ಮಗುವಿಗೆ ಸಾಕಾಗುವಷ್ಟು ಹಾಲು ಬರುತ್ತದೆ.

ಕೊನೆಗೆ ಆಡಳಿತದಲ್ಲಿರುವ ಸಭಿಕರಿಗೆ ಒಂದು ಮಾತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಕ್ಯಾನ್ಸರ್ ನೋಂದಣಿ ನಡೆಸುತ್ತಿದೆ; ಯಂತ್ರ, ತಜ್ಞರು, ಲೆಕ್ಕ ಎಲ್ಲ ರಾಜ್ಯದಲ್ಲಿವೆ. ಬಾಣಂತಿ ಮಾತ್ರ ಅಲ್ಲಿಗೆ ತಲುಪುವುದಿಲ್ಲ. ಆದರೆ ಅವಳು ಬೇರೆಡೆ ತಪ್ಪದೆ ಸಿಗುತ್ತಾಳೆ. ಹೆರಿಗೆಯಾದ 42 ದಿನದೊಳಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಹೋಗುತ್ತಾರೆ. ಆರು, ಹತ್ತು, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ ಮಗುವಿಗೆ ಚುಚ್ಚುಮದ್ದು. ಮಗುವಿನ ತೂಕ ಬರೆಯುತ್ತಾರೆ, ತೊಡೆಗೆ ಸೂಜಿ ಹಾಕುತ್ತಾರೆ, ತಾಯಿ ಕಾರ್ಡ್ ಮಡಚಿ ಕೊಡುತ್ತಾರೆ. ಎತ್ತಿಕೊಂಡು ನಿಂತವಳನ್ನು ‘ನಿನ್ನ ಎದೆಯಲ್ಲಿ ಎರಡು ವಾರದಿಂದ ಹೋಗದ ಗಂಟೇನಾದರೂ ಇದೆಯೇನಮ್ಮ’ ಎಂದು ಯಾರೂ ಕೇಳುವುದಿಲ್ಲ. ಆ ಒಂದು ಪ್ರಶ್ನೆಗೆ ಕಾರ್ಡಿನಲ್ಲಿ ಒಂದು ಗೆರೆ ಜಾಗ ಬೇಕು. ‘ಇದೆ’ ಎಂದವಳಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಅಲ್ಟ್ರಾಸೌಂಡ್ ಸರದಿ ಬೇಕು, ಸ್ಕ್ಯಾನ್ ಕೋಣೆಯ ಪಕ್ಕ ಕೂತು ಕುಡಿಸಲು ಬಾಗಿಲು ಹಾಕಿಕೊಳ್ಳುವಂಥ ಒಂದು ಮೂಲೆ ಬೇಕು. ಇದಕ್ಕೆ ಹೊಸ ಯೋಜನೆಯೂ ಬೇಡ, ಹೊಸ ಹೆಸರೂ ಬೇಡ. ವಿವರಗಳನ್ನು ಪ್ರಶ್ನೋತ್ತರದಲ್ಲಿ ಮಾತಾಡೋಣ. ವೈದ್ಯಾಧಿಕಾರಿಗಳು ಮೊದಲ ಸಾಲಿನಲ್ಲೇ ಇದ್ದಾರೆ, ಅವರಿಂದಲೇ ಶುರುವಾಗಲಿ.